ಅಡುಗೆಮನೆಯಲ್ಲಿ ನೀನು ಕೇಳಿದ ಮಾತು

ಅಕ್ಕಾ,

ಕಾಗದ ಶುರುಮಾಡುವಾಗ ಮೊದಲು ಕ್ಷೇಮ ಸಮಾಚಾರ ಬರೆಯಬೇಕು ಅಂತ ನನಗೆ ಕಲಿಸಿದವಳು ನೀನೇ. ಮಂಡಿನೋವು ಬಿಟ್ಟರೆ ಮೈಗೆ ಬೇರೇನೂ ಆಗಿಲ್ಲ. ಹೇಳಬೇಕಾದ ಸುದ್ದಿ ಬೇರೆಯಿದೆ. ಬೇಕರಿಯಣ್ಣ ತೀರಿಕೊಂಡರು. ಸೇತುವೆಯ ಆಚೆ ದಡದ ಬೇಕರಿಯಣ್ಣ. ಅವರ ಬಗ್ಗೆ ನಿನಗೆ ನನಗಿಂತ ಮೊದಲೇ ಏನು ಗೊತ್ತಿತ್ತು ಎನ್ನುವುದು ನನಗೆ ಈಗ ಗೊತ್ತು. ಅದು ಗೊತ್ತಾದಾಗಿನಿಂದ ನೆಟ್ಟಗೆ ಒಂದು ಹೊತ್ತಿನ ಊಟ ಮಾಡಿಲ್ಲ ನಾನು. ಅದಕ್ಕೇ ಈ ಕಾಗದ.

ಫೋನಿನಲ್ಲೇ ಹೇಳೋಣವೆಂದು ನೋಡಿದೆ. ನಿನ್ನ ಮಗ ಎತ್ತುತ್ತಾನೆ. "ಅಮ್ಮ ಮಲಗಿದ್ದಾಳೆ ಚಿಕ್ಕಮ್ಮ," ಅನ್ನುತ್ತಾನೆ. ಬೆಳಿಗ್ಗೆ ಮಾಡಿದರೂ ಮಲಗಿದ್ದೀಯ, ಮಧ್ಯಾಹ್ನ ಮಾಡಿದರೂ ಮಲಗಿದ್ದೀಯ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುತ್ತಿದ್ದವಳಿಗೆ ಇಷ್ಟೊಂದು ನಿದ್ದೆ ಎಲ್ಲಿಂದ ಬಂತೋ. ಅವನನ್ನು ಬಯ್ಯುತ್ತಿಲ್ಲ ಬಿಡು, ಹೇಳು ಅಂದದ್ದನ್ನು ಹೇಳುತ್ತಾನೆ. ಕಾಗದವಾದರೆ ನೀನು ಅರ್ಧ ಓದಿ ಮಡಚಿಡಬಹುದು, ಕೋಪ ಇಳಿದ ಮೇಲೆ ಮತ್ತೆ ತೆಗೆಯಬಹುದು.

ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದವಳು ನೀನು. ನನ್ನ ಗಂಡ ಇನ್ನೊಂದು ಸಂಸಾರ ಹೂಡಿದ ಅಂತ ಗೊತ್ತಾದ ದಿನ, ಒಂದು ಮಾತೂ ಕೇಳದೆ ನನ್ನ ಟ್ರಂಕು ಎತ್ತಿಸಿಕೊಂಡು ಬಂದವರು ಭಾವ. ನಿಮ್ಮ ಗೋಡೆಗೆ ಗೋಡೆ ಅಂಟಿಕೊಂಡ ಮನೆ ಕೊಡಿಸಿದರು. "ಪುಟ್ಟಿ, ಕೂತು ಅಳೋದಕ್ಕೆ ಆಮೇಲೆ ಟೈಮ್ ಸಿಗತ್ತೆ, ಮೊದಲು ಅಂಗಡಿ ತೆಗಿ," ಅಂತ ಎಲ್ಲಿಂದಲೋ ಹಳೇ ಜೆರಾಕ್ಸ್ ಮೆಷಿನ್ ಒಂದನ್ನು ತಂದು ಮುಂಬಾಗಿಲ ಕೋಣೆಯಲ್ಲಿ ಕೂರಿಸಿದರು. ಅದು ಪೇಪರ್ ನುಂಗಿದಾಗಲೆಲ್ಲ ಆಚೆ ದಡದ ತಮ್ಮ ಸೈಕಲ್ ಶಾಪಿನಿಂದ ಸ್ಪ್ಯಾನರ್ ಹಿಡಿದುಕೊಂಡು ಬರುತ್ತಿದ್ದರು. ಸೈಕಲ್ಲಿನ ಸ್ಪ್ಯಾನರಿನಲ್ಲಿ ಜೆರಾಕ್ಸ್ ಮೆಷಿನ್ ಬಿಚ್ಚಿದ ಮನುಷ್ಯ ಈ ಲೋಕದಲ್ಲಿ ಅವರೊಬ್ಬರೇ ಇರಬೇಕು.

ಗಲಾಟೆಯ ದಿನದ ಬಗ್ಗೆ ನಿನಗೆ ನಾನು ಹೇಳುವುದೇನಿದೆ. ಮಾರ್ಕೆಟ್ಟಿನಲ್ಲಿ ಏನೋ ಆಗುತ್ತದಂತೆ ಅಂತ ಸುದ್ದಿ ಹಬ್ಬಿತ್ತು. ಹೋಗಬೇಡಿ ಅಂತ ಭಾವನಿಗೆ ಅಂದೆ ನೀನು. "ಅಲ್ಲಿ ನನಗ್ಯಾರು ಏನು ಮಾಡ್ತಾರೆ, ಅವರ ಮಕ್ಕಳ ಸೈಕಲ್ಲಿಗೆಲ್ಲ ಗಾಳಿ ಹೊಡೆದಿದ್ದು ನಾನೇ," ಅಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಸಂಜೆ ಪೊಲೀಸರು ನಮ್ಮನ್ನು ಕರೆದುಕೊಂಡು ಹೋಗಿ ಗುರುತು ಹಿಡಿಯಿರಿ ಅಂದರು. ಈಚೆ ದಡದಲ್ಲಿ ನಮ್ಮವರೂ ಕೈಕಟ್ಟಿ ಕೂರಲಿಲ್ಲ. ಇಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಆಚೆ ದಡದ ಅಣ್ಣತಮ್ಮಂದಿರಿಬ್ಬರನ್ನೂ ಉಳಿಸಲಿಲ್ಲ. ಅವತ್ತಿನಿಂದ ಸೇತುವೆಯ ಮೇಲೆ ಗಾಡಿ ಓಡಿದವೇ ಹೊರತು ಮನುಷ್ಯರು ಓಡಾಡಲಿಲ್ಲ.

ಆ ಟೀಚರಮ್ಮನ ಕೋಣೆಗೆ ನಾನು ಯಾಕೆ ಹೋದೆ ಅಂತ ನೀನು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ದೊಡ್ಡ ಮನಸ್ಸು ಮಾಡಿ ಹೋದದ್ದೇನೂ ಅಲ್ಲ. ಭಾವನ ದೇಹ ಒಳಗಿದ್ದಾಗ ಹೊರಗೆ ಬೀದಿಯಲ್ಲಿ ಗಂಡಸರು ಗುಂಪುಕಟ್ಟಿ ನಿಂತು, ಮುಂದಿನ ಸಲ ಯಾವ ಬೀದಿ, ಯಾವ ಮನೆ ಅಂತ ಲೆಕ್ಕ ಹಾಕುತ್ತಿದ್ದರು. ಗ್ಯಾರೇಜಿನವನು ಮುಂದಾಳು. ಅವನ ಪಕ್ಕದಲ್ಲಿ ನಿನ್ನ ಮಗ ನಿಂತಿದ್ದ. ಅಳುತ್ತಿರಲಿಲ್ಲ, ತಲೆ ಅಲ್ಲಾಡಿಸುತ್ತ ಕೇಳಿಸಿಕೊಳ್ಳುತ್ತಿದ್ದ. ಇವನೂ ಹೋದರೆ ಅಕ್ಕ ಬದುಕುವುದಿಲ್ಲ ಅನ್ನಿಸಿತು. ಕೆಲವು ತಿಂಗಳ ಮೇಲೆ ಟೀಚರಮ್ಮ ಒಂದು ನೋಟೀಸು ಪ್ರತಿ ಮಾಡಿಸಲು ಅಂಗಡಿಗೆ ಬಂದರು. ರಿಟೈರಾದ ಗಣಿತದ ಟೀಚರು. ಎರಡೂ ದಡದವರು ಬನ್ನಿ, ಕೂತು ಮಾತಾಡೋಣ ಅಂತ ಬರೆದಿತ್ತು. ದುಡ್ಡು ತೆಗೆದುಕೊಂಡು, ಒಂದು ಪ್ರತಿ ನಾನೇ ಇಟ್ಟುಕೊಂಡೆ.

ಕೋಣೆ ಅಂದರೆ ಸೇತುವೆಯ ಪಕ್ಕದ ಹಳೇ ಸುಂಕದ ಆಫೀಸು. ಅದಕ್ಕೆ ಎರಡು ಬಾಗಿಲು, ಈ ಕಡೆಗೊಂದು ಆ ಕಡೆಗೊಂದು. ಮೊದಲ ಸಲ ಅವರವರು ಅವರವರ ಬಾಗಿಲಿಗೆ ಅಂಟಿಕೊಂಡು ಕೂತಿದ್ದೆವು. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು, "ಓಡಿಹೋಗೋದಕ್ಕೆ ಅನುಕೂಲವಾಗಿ ಕೂತಿದ್ದೀರಿ, ಒಳ್ಳೇದು, ಹಾಗೇ ಶುರುಮಾಡೋಣ," ಅಂದರು. ಯಾರಿಗೂ ನಗು ಬರಲಿಲ್ಲ. ಎಲ್ಲರೂ ತಮ್ಮ ಮನೆಯಲ್ಲಿ ಏನೇನು ಹೋಯಿತು ಅಂತ ಹೇಳಬೇಕಿತ್ತು. ನಾನು ಭಾವನ ಬಗ್ಗೆ ಹೇಳಿದೆ. ಎದುರುಗಡೆ ದಪ್ಪಗಿನ ಒಬ್ಬ ಮುದುಕರು ಕಾಲಬೆರಳು ನೋಡುತ್ತ ಕೂತಿದ್ದರು. ನನಗೆ ಜೋಡಿಯಾಗಿ ಬಂದವರು ಅವರೇ, ಬೇಕರಿಯಣ್ಣ.

ಜೋಡಿ ಅಂದರೆ ಇಷ್ಟೇ. ಈಚೆಯವರೊಬ್ಬರು, ಆಚೆಯವರೊಬ್ಬರು, ಪರಸ್ಪರ ಫೋನ್ ನಂಬರು. ಆ ದಡದಲ್ಲಿ ಹೀಗಾಯಿತಂತೆ ಅಂತ ಯಾವ ಸುದ್ದಿ ಕಿವಿಗೆ ಬಿದ್ದರೂ ಬೇರೆಯವರಿಗೆ ಹೇಳುವ ಮೊದಲು ಜೋಡಿಗೆ ಫೋನ್ ಮಾಡಬೇಕು. ಅವರು ಕಣ್ಣಾರೆ ನೋಡಿ ಬಂದು ಹೇಳಬೇಕು. ಸ್ಕೂಲ್ ವ್ಯಾನನ್ನು ಅಡ್ಡಗಟ್ಟಿದರಂತೆ ಅಂತ ಒಂದು ದಿನ ಇಡೀ ಬೀದಿ ಎದ್ದು ನಿಂತಿತ್ತು. ಬೇಕರಿಯಣ್ಣ ಹೋಗಿ ನೋಡಿದರೆ ಟೈರು ಪಂಕ್ಚರಾಗಿ ವ್ಯಾನು ನಿಂತಿತ್ತು, ಮಕ್ಕಳೆಲ್ಲ ಅವರದೇ ಅಂಗಡಿಯ ಬನ್ನು ತಿನ್ನುತ್ತಿದ್ದವು. ಇಂಥವೇ. ಯಾರ ಗಮನಕ್ಕೂ ಬಾರದ ಕೆಲಸ. ಸುದ್ದಿ ಸುಳ್ಳಾದಾಗ ಜನ ಮನೆಗೆ ಹೋಗಿ ಮಲಗುತ್ತಾರೆ, ಅಷ್ಟೇ.

ಸುದ್ದಿ ಇರಲಿ ಬಿಡಲಿ, ಅವರು ದಿನಾ ಬೆಳಿಗ್ಗೆ ಒಲೆಯಿಂದ ಬ್ರೆಡ್ಡು ತೆಗೆದ ಮೇಲೆ ಫೋನ್ ಮಾಡುತ್ತಿದ್ದರು. "ತಂಗ್ಯಮ್ಮ, ನಾನಿನ್ನೂ ಬದುಕಿದ್ದೀನಿ. ನಿಮ್ಮ ಕಡೆ ಸತ್ತೆ ಅಂತ ಸುದ್ದಿ ಬಂದಿದ್ರೆ ನಂಬಬೇಡಿ, ಸಾಲಗಾರರು ಹಬ್ಬಿಸಿರೋದು." ಮಗಳ ಮೇಲೆ ದೂರು, ಮೈದಾಹಿಟ್ಟಿನ ಮೇಲೆ ದೂರು, ಮೊಮ್ಮಗ ಕೇಕಿನ ಮೇಲೆ ಕೂತುಬಿಟ್ಟ ಕಥೆ. ನಗುವುದು ಮರೆತಿದ್ದ ನನಗೆ ಅವರ ಮಾತು ಕೇಳಿ ಅಂಗಡಿಯಲ್ಲಿ ಒಬ್ಬಳೇ ನಗು ಉಕ್ಕಿ ಬರುತ್ತಿತ್ತು. ಗೋಡೆಯಾಚೆಗೆ ನಿನಗೆ ಕೇಳಿಸುತ್ತಿತ್ತು ಅಂತ ಕಾಣುತ್ತದೆ.

ಯಾಕೆಂದರೆ ಒಂದು ದಿನ ನೀನು ಅಂಗಡಿ ಬಾಗಿಲಿಗೆ ಬಂದು ನಿಂತೆ. "ಅವರ ಜೊತೆ ಕೂತು ಚಹಾ ಕುಡೀತೀಯಂತೆ. ನನ್ನ ಗಂಡ ಬಿದ್ದಿದ್ದ ಬೀದೀಲೇ ಅವನ ಬೇಕರಿಯಂತೆ. ಅಲ್ಲಿ ಕೂರೋದಾದ್ರೆ ನನ್ನ ಜೊತೆ ಕೂರಬೇಡ," ಅಂದೆ. ಅದೇ ಕೊನೆ. ಮಾತು ನಿಂತಿತು. ನಿನ್ನ ಕೆಮ್ಮು ಕೇಳುತ್ತಿತ್ತು, ಪಾತ್ರೆಯ ಸದ್ದು ಕೇಳುತ್ತಿತ್ತು, ಕುಕ್ಕರಿನ ಸೀಟಿ ಕೇಳುತ್ತಿತ್ತು. ನಿನಗೆ ಜ್ವರ ಬಂದದ್ದು ಗೋಡೆಯಿಂದಲೇ ಗೊತ್ತಾಯಿತು. ಗಂಜಿ ಮಾಡಿ ಹಿತ್ತಲ ಗೋಡೆಯ ಮೇಲಿಟ್ಟೆ. ಸಂಜೆಯ ತನಕ ಅಲ್ಲೇ ಇತ್ತು, ಕಾಗೆ ಕುಕ್ಕಿ ಚೆಲ್ಲಿತು. ಒಂದೇ ಊರಲ್ಲಿ, ಒಂದೇ ಗೋಡೆಗೆ ಬೆನ್ನು ಕೊಟ್ಟು ಇಬ್ಬರು ಹೆಂಗಸರು ಇಷ್ಟು ಒಂಟಿಯಾಗಿ ಬದುಕಬಹುದು ಅಂತ ನನಗೆ ಗೊತ್ತಿರಲಿಲ್ಲ.

ಇನ್ನು ಆ ದಿನ. ಬಡಗಿಯ ಮಗಳು ನರ್ಸಿಂಗ್ ಕಲಿಯಲು ಆಚೆ ದಡಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಮನೆಗೆ ಬರಬೇಕಾದವಳು ಬರಲಿಲ್ಲ, ಫೋನೂ ಎತ್ತಲಿಲ್ಲ. ಎಳೆದುಕೊಂಡು ಹೋದರಂತೆ ಅಂತ ಯಾರು ಮೊದಲು ಅಂದರೋ, ನೋಡನೋಡುತ್ತ ಬೀದಿ ತುಂಬ ದೊಣ್ಣೆ, ಕಬ್ಬಿಣದ ಸಲಾಕೆ. ನಾನು ಬೇಕರಿಯಣ್ಣನಿಗೆ ಫೋನ್ ಮಾಡಿದೆ. ಅವರು ಬ್ರೆಡ್ಡಿನ ವ್ಯಾನು ಹತ್ತಿ ಬೀದಿಬೀದಿ ಹುಡುಕಿದರು. ಹುಡುಗಿ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದಳು. ಮೆಟ್ಟಿಲಿಂದ ಬಿದ್ದು ಕಾಲು ಉಳುಕಿತ್ತು, ಫೋನು ಒಡೆದಿತ್ತು. "ಸಿಕ್ಕಿದಳು ತಂಗ್ಯಮ್ಮ, ಬಾಯಲ್ಲಿ ಹೇಳಿದ್ರೆ ಇವತ್ತು ಯಾರೂ ನಂಬಲ್ಲ, ನಾನೇ ಕರ್ಕೊಂಡು ಬರ್ತೀನಿ," ಅಂದರು. ಬೇಡ ಅಂತ ನಾನು ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಗುಂಪು ಇನ್ನೂ ಸೇತುವೆ ಮುಟ್ಟಿರಲಿಲ್ಲ. ಅವರು ಹಿಂದಿನ ರಸ್ತೆಯಿಂದ ಬಂದು ಹುಡುಗಿಯನ್ನು ಬಡಗಿಯ ಮನೆ ಬಾಗಿಲಲ್ಲೇ ಇಳಿಸಿದರು. ತಾಯಿ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಕೈಗೆ ಬಂದ ದೊಣ್ಣೆಯನ್ನು ಸುಮ್ಮನೆ ಕೆಳಗಿಡುವುದು ಜನಕ್ಕೆ ಕಷ್ಟ. ಅಷ್ಟು ಹೊತ್ತಿಗೆ ವ್ಯಾನನ್ನು ಯಾರೋ ಗುರುತಿಸಿದರು, ಗಾಜು ಒಡೆಯಿತು. ಬೇಕರಿಯಣ್ಣ ಸಂದಿಯಲ್ಲಿ ಓಡಿ ನನ್ನ ಮನೆ ಸೇರಿದರು. ಶಾಂತಿ ಸಭೆಗೆ ಹೋಗುವವಳ ಮನೆ ಯಾವುದು ಅಂತ ಎಲ್ಲರಿಗೂ ಗೊತ್ತು. ಹಿತ್ತಲಿಗೆ ಕರೆದುಕೊಂಡು ಹೋದೆ. ಗೋಡೆಯಾಚೆ ನೀನು ಬಟ್ಟೆ ಒಣಹಾಕುತ್ತಿದ್ದೆ.

"ಅಕ್ಕ," ಅಂದೆ. ನೀನು ನನ್ನ ಮುಖ ನೋಡಿದೆ, ಅವರ ಮುಖ ನೋಡಿದೆ, ಬೀದಿಯ ಗದ್ದಲಕ್ಕೆ ಕಿವಿಗೊಟ್ಟೆ. ಬಟ್ಟೆಯ ಬುಟ್ಟಿಯನ್ನು ಕಾಲಿನಲ್ಲಿ ಪಕ್ಕಕ್ಕೆ ತಳ್ಳಿ ದಾರಿ ಮಾಡಿದೆ. ಆ ದಪ್ಪ ಮುದುಕರನ್ನು ಗೋಡೆ ಹತ್ತಿಸಿ ಇಳಿಸುವಷ್ಟರಲ್ಲಿ ನಮ್ಮಿಬ್ಬರ ಉಸಿರೂ ಬಾಯಿಗೆ ಬಂದಿತ್ತು. ನೀನು ಅಡುಗೆಮನೆಯ ಬಾಗಿಲು ತೆಗೆದು ಅವರನ್ನು ಒಳಗೆ ಬಿಟ್ಟುಕೊಂಡೆ.

ನನ್ನ ಮನೆ ಜಾಲಾಡಿದರು. ಹಾಸಿಗೆ ಕಿತ್ತರು. ಭಾವ ತಂದುಕೊಟ್ಟ ಮೆಷಿನ್ನನ್ನು ಬೀದಿಗೆಳೆದು ಹಾಕಿದರು. ಆಮೇಲೆ ಗ್ಯಾರೇಜಿನವನು ನಿನ್ನ ಬಾಗಿಲು ತಟ್ಟಿದ. ನಾನು ಬೀದಿಯಲ್ಲೇ ನಿಂತಿದ್ದೆ. "ಅಮ್ಮಾ, ಒಂದ್ಸಲ ನಿಮ್ಮನೆ ನೋಡ್ಬೇಕು," ಅಂದ. ನೀನು ಹೊಸ್ತಿಲ ಮೇಲೆ ನಿಂತು ಸೆರಗಿಗೆ ಕೈ ಒರೆಸಿಕೊಂಡೆ. "ನನ್ನ ಗಂಡನ್ನ ಸಾಯಿಸಿದ ಜನಾನ ಒಳಗಿಟ್ಕೊಂಡು ಅನ್ನ ಹಾಕ್ತೀನಾ ನಾನು? ನೋಡೋದಾದ್ರೆ ಬಾ. ಅವರ ಫೋಟೋ ಮುಂದೆ ನಿಂತು ನೋಡು," ಅಂದೆ. ನಿನ್ನ ದನಿ ಜೋರಿರಲಿಲ್ಲ. ಅವನು ತಲೆ ತಗ್ಗಿಸಿದ. ಗುಂಪು ಹಾಗೇ ಕರಗಿತು.

ಸಂಜೆ ಪೊಲೀಸ್ ಜೀಪು ಹಿಂದಿನ ಸಂದಿಗೆ ಬಂದು ಅವರನ್ನು ದಾಟಿಸಿತು. ಅವರು ಹೋದ ಮೇಲೆ ನಾನು ಗೋಡೆಯ ಹತ್ತಿರ ನಿಂತು ಕಾದೆ. ನೀನು ಹೊರಗೆ ಬರಲಿಲ್ಲ. ಒಳಗೆ ಪಾತ್ರೆ ತೊಳೆಯುತ್ತಿದ್ದೆ. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೀಯ ಅಂತ ಗೊತ್ತಾಗುತ್ತಿತ್ತು, ನೀರು ನಿಲ್ಲುತ್ತಲೇ ಇರಲಿಲ್ಲ. ನನ್ನ ಮೇಲಿನ ಸಿಟ್ಟು ಅಂದುಕೊಂಡೆ.

ಅವರು ನಿನ್ನ ಮನೆಯಿಂದ ಜೀಪು ಹತ್ತಿದ್ದನ್ನು ಯಾರೋ ನೋಡಿದ್ದರು. ಆಮೇಲಿನದು ನಿನಗೇ ಗೊತ್ತು, ಬಾಗಿಲಲ್ಲಿ ಕಸ, ಕಿಟಕಿಗೆ ಕಲ್ಲು, ನಲ್ಲಿಯ ಹತ್ತಿರ ಹೋದರೆ ಎಲ್ಲರ ಬೆನ್ನು. ಪ್ರೆಸ್ಸಿನ ಕೆಲಸಕ್ಕೆ ಅಂತ ದೂರದೂರು ಸೇರಿದ್ದ ನಿನ್ನ ಮಗ ಟೆಂಪೋ ತಂದು ನಿನ್ನನ್ನು ಕರೆದುಕೊಂಡು ಹೋದ. ಹೊರಡುವಾಗ ಗೋಡೆಯ ಮೇಲಿಂದ ಕೈ ಚಾಚಿ "ಬೀಗದ ಕೈ ಇಟ್ಕೋ" ಅಂದೆ. ಎಷ್ಟೋ ಕಾಲದ ಮೇಲೆ ನೀನು ನನಗೆ ಆಡಿದ ಮಾತು ಅದು. ಮುಖ ಮಾತ್ರ ತೋರಿಸಲಿಲ್ಲ.

ನಾನು ಉಳಿದೆ. ಸುಂಕದ ಆಫೀಸಿನ ಸಭೆಗಳು ನಿಂತವು. ಖರ್ಚಿಗೆ ಕೊಡುತ್ತಿದ್ದ ಸಂಸ್ಥೆಯವರು ಅವಧಿ ಮುಗಿಯಿತು ಅಂದರಂತೆ. ಟೀಚರಮ್ಮ ಕಣ್ಣು ಕಾಣದಾಗಿ ತಮ್ಮನ ಮನೆ ಸೇರಿದರು. ಜೋಡಿಗಳು ಒಂದೊಂದಾಗಿ ಫೋನು ಮಾಡುವುದು ಬಿಟ್ಟವು. ಹೊಸ ಮೆಷಿನ್ ಕಂತಿನಲ್ಲಿ ತಂದೆ. ನಮ್ಮ ಬೀದಿಯವರು ಒಂದು ಕಾಗದ ಜೆರಾಕ್ಸ್ ಮಾಡಿಸಲು ಬಸ್‌ಸ್ಟ್ಯಾಂಡಿನ ತನಕ ನಡೆದುಹೋಗುತ್ತಾರೆ, ನನ್ನ ಮೆಟ್ಟಿಲು ಹತ್ತುವುದಿಲ್ಲ. ಬಡಗಿಯ ಹೆಂಡತಿ ಮಾತ್ರ, ಬೀದಿ ಖಾಲಿಯಿದ್ದಾಗ ಬಂದು ಬೇಡದ್ದನ್ನೆಲ್ಲ ಪ್ರತಿ ಮಾಡಿಸುತ್ತಾಳೆ. ಉಳಿದಂತೆ ನನ್ನ ದಿನದಲ್ಲಿ ಬೆಳಗಿನ ಆ ಒಂದು ಫೋನು. ಅದಿಲ್ಲದಿದ್ದರೆ ಬಾಯಿ ತೆರೆಯಲು ಕಾರಣವೇ ಇರುತ್ತಿರಲಿಲ್ಲ.

ಈಚೆಗೆ ಅವರನ್ನು ಆಸ್ಪತ್ರೆಗೆ ಸೇರಿಸಿದರು, ಎದೆಯಲ್ಲಿ ನೀರು. ನೋಡಲು ಹೋದೆ. ಕಿಟಕಿ ಪಕ್ಕದ ಮಂಚ. ಮಗಳನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿದರು. "ನಿಮಗೊಂದು ಮಾತು ಹೇಳಿಲ್ಲ ತಂಗ್ಯಮ್ಮ," ಅಂದರು. ಆಮೇಲೆ ಹೇಳಿದರು.

ಗಲಾಟೆಯ ದಿನ ಅವರು ಬೇಕರಿಯ ಶಟರ್ ಎಳೆಯುತ್ತಿದ್ದರಂತೆ. ಅರ್ಧ ಇಳಿದಿತ್ತಂತೆ. ಭಾವ ಓಡಿ ಬಂದು ಬಗ್ಗಿ ಕೆಳಗಿನಿಂದ ನೋಡಿದರಂತೆ. "ಬೇಕರಿಯಣ್ಣ, ನಾನು," ಅಂದರಂತೆ. "ಒಳಗೆ ಮಗಳಿದ್ದಳು, ಕೂಸಿತ್ತು. ಅದನ್ನ ಕಾರಣ ಅಂತ ಹೇಳ್ತಿಲ್ಲ. ಯೋಚನೆ ಮಾಡಿದ್ದೂ ಅಲ್ಲ. ಕೈ ತಾನೇ ಶಟರ್ ಎಳೆದುಬಿಡ್ತು," ಅಂದರು. ಸಭೆಯ ಮೊದಲ ದಿನ ನಾನು ಭಾವನ ವಿಷಯ ಹೇಳಿದಾಗಲೇ ಎದ್ದುಹೋಗಬೇಕು ಅನ್ನಿಸಿತಂತೆ. "ದಿನಾ ಫೋನ್ ತೆಗೆಯುವಾಗ ಇವತ್ತು ಹೇಳ್ತೀನಿ ಅಂದ್ಕೊಳ್ತಿದ್ದೆ. ಅಷ್ಟರಲ್ಲಿ ನೀವು ನಗ್ತಿದ್ರಿ."

ಅಕ್ಕನಿಗೆ ಇದು ಗೊತ್ತಾಗಬಾರದು ಅಂದೆ. ಅವರು ಕಣ್ಣುಮುಚ್ಚಿಕೊಂಡು, "ನಿಮ್ಮಕ್ಕನಿಗೆ ಗೊತ್ತು. ಆವತ್ತೇ, ಅಡುಗೆಮನೇಲೇ ಹೇಳ್ದೆ," ಅಂದರು.

ನಿನ್ನ ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ನಡುಮನೆಯ ಗೋಡೆಯ ಫೋಟೋ ಕಾಣುತ್ತದೆ. ಅದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲವಂತೆ. ಆ ಕಡೆ ನನ್ನ ಮನೆಯಲ್ಲಿ ಸಾಮಾನು ಒಡೆಯುತ್ತಿರುವಾಗ ಇವರು ನಿನ್ನ ಮುಂದೆ ಕೈಮುಗಿದು ಎಲ್ಲ ಹೇಳಿದ್ದರಂತೆ. ನೀನು ಕೇಳಿದ್ದು ಒಂದೇ ಮಾತಂತೆ. "ಕೂಗಿಕೊಂಡ್ರಾ?" ಇಲ್ಲ, ಮೆಲ್ಲಗೇ ಕರೆದರು ಅಂದರಂತೆ ಅವರು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ನೀನು "ಒಲೆ ಪಕ್ಕ ಕೂತ್ಕೊಳ್ಳಿ, ಅಲ್ಲಿ ಕೂತ್ರೆ ಕಾಣಲ್ಲ," ಅಂದು ಮುಂಬಾಗಿಲಿಗೆ ನಡೆದೆಯಂತೆ.

ನಾನು ಎದ್ದು ಬಂದುಬಿಟ್ಟೆ ಅಕ್ಕ. ತಿರುಗಿಯೂ ನೋಡಲಿಲ್ಲ. ಸೇತುವೆಯ ಮೇಲೆ ಬರುವಾಗ ಅವರ ಜೊತೆ ನಕ್ಕ ಒಂದೊಂದು ನಗುವೂ ನೆನಪಾಗಿ ಮೈ ಉರಿಯಿತು. ಬೆಳಿಗ್ಗೆ ಫೋನ್ ಬಡಿದುಕೊಂಡರೂ ಎತ್ತಲಿಲ್ಲ. ಒಂದೆರಡು ದಿನ ಬಡಿಯಿತು, ಆಮೇಲೆ ಅದೂ ನಿಂತಿತು. ಮನೆ ಸದ್ದಡಗಿ ಹೋಯಿತು. ಆಗ ನನಗೆ ನಿನ್ನದೇ ಯೋಚನೆ. ಎಲ್ಲ ಗೊತ್ತಿದ್ದೂ ಹೊಸ್ತಿಲ ಮೇಲೆ ಹೇಗೆ ನಿಂತೆ? ಆ ಮಾತನ್ನು ಯಾವ ಬಾಯಲ್ಲಿ ಆಡಿದೆ? ಗ್ಯಾರೇಜಿನವನಿಗೆ ಸುಳ್ಳು ಹೇಳಿದೆ ಅಂದುಕೊಂಡಿದ್ದೆ. ಆ ಮಾತು ಒಳಗೆ ಕೂತಿದ್ದವರಿಗೆ ಎಷ್ಟು ತಾಗಿತೋ, ನಿನಗೆ ಎಷ್ಟು ತಾಗಿತೋ. ನಿನ್ನಿಂದ ಆದದ್ದು ನನ್ನಿಂದ ಆಗುತ್ತದೋ ಇಲ್ಲವೋ ನೋಡೋಣವೆಂದು ಮತ್ತೆ ಆಸ್ಪತ್ರೆಗೆ ಹೋದೆ.

ಅವರು ಬಹಳ ಇಳಿದುಹೋಗಿದ್ದರು. "ಕೋಪ ಹೋಯ್ತಾ ತಂಗ್ಯಮ್ಮ?" ಅಂದರು. ಇಲ್ಲ ಅಂದೆ. "ಹೋಗದಿದ್ರೂ ಬಂದ್ರಲ್ಲ," ಅಂದರು. ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ, ಆವತ್ತು ಅಕ್ಕನಿಗೆ ಹೇಳಿದ ಮೇಲಾದರೂ ಹೇಳಬಹುದಿತ್ತಲ್ಲ ಅಂತ ಕೇಳಿದೆ. ಅದಕ್ಕೆ ಅವರು ಹೇಳಿದ ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ. ಜೀಪು ಬಂದಾಗ ನೀನು ಹಿತ್ತಲ ಬಾಗಿಲ ತನಕ ಬಂದು ಅವರಿಗೆ ಹೇಳಿದೆಯಂತೆ: "ನನ್ನ ತಂಗಿಗೆ ಇದನ್ನ ಹೇಳಬೇಡಿ. ಫೋನ್ ಮಾಡೋದೂ ಬಿಡಬೇಡಿ. ಅವಳಿಗೆ ಮಾತಾಡೋಕೆ ಬೇರೆ ಯಾರೂ ಇಲ್ಲ."

ನನ್ನ ಅಕ್ಕ, ನನ್ನ ತಾಯಿ, ನೀನು ಒಂದು ಮಾತು ಆಡಿದ್ದರೆ ನನಗೆ ನೀನೇ ಇರುತ್ತಿದ್ದೆಯಲ್ಲೇ. ಆ ಸಂಜೆ ನಾನು ಗೋಡೆಯ ಈಚೆಗೇ ನಿಂತಿದ್ದೆನಲ್ಲೇ. ಆಡಲು ನಿನಗೆ ಆಗಲಿಲ್ಲ ಅಂತ ಅರ್ಥವಾಗುತ್ತದೆ. ಆಡಲಾಗದವಳು, ಆಡುವವರೊಬ್ಬರನ್ನು ನನಗೆ ಉಳಿಸಿಕೊಟ್ಟು ಹೋದೆ, ಅದೂ ಅವರನ್ನೇ.

ಮಣ್ಣಿಗೆ ಹೋಗಿದ್ದೆ. ಈಚೆ ದಡದಿಂದ ನಾನೊಬ್ಬಳೇ. ಎಲ್ಲರೂ ತಿರುಗಿ ತಿರುಗಿ ನೋಡಿದರು. ಅವರ ಮಗಳು ಬಂದು ಕೈ ಹಿಡಿದುಕೊಂಡಳು. "ಅಪ್ಪನ್ನ ಉಳಿಸಿದ ಅಮ್ಮ ಬರಲಿಲ್ವಾ?" ಅಂತ ಕೇಳಿದಳು. ದೂರದಲ್ಲಿದ್ದಾಳೆ ಅಂದೆ. "ಅವರ ಪಕ್ಕ ಒಂದ್ಸಲ ಕೂರಬೇಕು ಅಂತಿದೆ. ಮಾತಾಡೋಕೇನಲ್ಲ," ಅಂದಳು. ಕೇಳಿ ಹೇಳುತ್ತೇನೆ ಅಂದಿದ್ದೇನೆ. ನಿನಗೆ ಬೇಡವೆನಿಸಿದರೆ ಬೇಡ ಅನ್ನು. ನಿನ್ನ ಪರವಾಗಿ ನಾನು ಯಾರಿಗೂ ಯಾವ ಮಾತೂ ಕೊಟ್ಟಿಲ್ಲ.

ನಾನಂತೂ ಈ ಭಾನುವಾರ ಬರುತ್ತಿದ್ದೇನೆ. ಮೊದಲ ಬಸ್ಸಿಗೆ ಹೊರಟು ಊಟದ ಹೊತ್ತಿಗೆ ಸೇರುತ್ತೇನೆ. ನಿನ್ನ ಮಗನಿಗೆ ಹೇಳು, ಅಮ್ಮ ಮಲಗಿದ್ದರೂ ಪರವಾಗಿಲ್ಲ, ಚಿಕ್ಕಮ್ಮ ಕೂತಿರುತ್ತಾಳೆ. ನೀನು ಮಾತಾಡಲೇಬೇಕೆಂದಿಲ್ಲ. ಸೊಪ್ಪು ಬಿಡಿಸುವುದಿದ್ದರೆ ನನ್ನ ಕಡೆಗೆ ಸರಿಸು, ಬಿಡಿಸಿಕೊಡುತ್ತೇನೆ. ಸಂಜೆಯ ಬಸ್ಸಿಗೆ ವಾಪಸ್ಸು ಹೊರಡುತ್ತೇನೆ. ಇನ್ನೊಂದು ಭಾನುವಾರ ಮತ್ತೆ ಬರುತ್ತೇನೆ.

ಹರಸಬೇಕಾದವಳು ದೊಡ್ಡವಳಾದ ನೀನು. ಈ ಸಲ ನಾನು ಹರಸುತ್ತೇನೆ, ಅಧಿಕಪ್ರಸಂಗ ಅನ್ನಬೇಡ. ನೀನು ಒಬ್ಬಳೇ ಹೊತ್ತದ್ದರ ಭಾರ ಇಳಿಯಲಿ. ಇಳಿಯದಿದ್ದರೆ, ಅರ್ಧ ನನ್ನ ತಲೆಯ ಮೇಲೆ ಬರಲಿ.

ಇಂತು ನಿನ್ನ ಕೈತುತ್ತು ಉಂಡು ಬೆಳೆದವಳು,
ಪುಟ್ಟಿ